ಶೀತಲ ಪ್ಲಾಸ್ಮಾದ ಪ್ರಮಾಣ ಸೆಕೆಂಡುಗಳಲ್ಲಿಲ್ಲ

ಶೀತಲ ಪ್ಲಾಸ್ಮಾ, ಅಂದರೆ ವಿದ್ಯುತ್ ಹಾಯಿಸಿ ವಿದ್ಯುದಾವೇಶಗೊಳಿಸಿದರೂ ಹೆಚ್ಚು ಬಿಸಿಯಾಗದ ಅನಿಲ, ಚರ್ಮದ ಕೋಶಗಳ ಮೇಲೆ ಬೀರುವ ಪರಿಣಾಮವನ್ನು ಪರೀಕ್ಷಿಸುವುದು ಮಂಗಳೂರಿನ ಪ್ರಯೋಗಾಲಯವೊಂದರಲ್ಲಿ ನನ್ನ ಕೆಲಸ. ಹೊಸದಾಗಿ ಸೇರುವ ವಿದ್ಯಾರ್ಥಿಗಳು ಮೊದಲು ಕೇಳುವುದು, ‘ಎಷ್ಟು ಸೆಕೆಂಡು ಹಿಡಿಯಬೇಕು ಸರ್?’ ಎಂದು. ಸೆಕೆಂಡುಗಳ ಲೆಕ್ಕ ಮಾತ್ರ ಸಾಲದು ಎಂಬುದೇ ಈ ಕೆಲಸದಿಂದ ನಾನು ಕಲಿತ ಮುಖ್ಯ ಪಾಠ.

ಪೆನ್ನಿನಾಕಾರದ ಉಪಕರಣದ ತುದಿಯಿಂದ ಆರ್ಗಾನ್ ಅನಿಲವು ನಸುನೇರಳೆ ಬಣ್ಣದ ಸಣ್ಣ ಕಿಡಿನಾಲಗೆಯಾಗಿ ಹೊರಬರುತ್ತದೆ. ಅದರೊಳಗಿನ ಎಲೆಕ್ಟ್ರಾನುಗಳ ತಾಪಮಾನ ಸಾವಿರಾರು ಡಿಗ್ರಿ ಇದ್ದರೂ ಅನಿಲದ ಪರಮಾಣುಗಳು ಹೆಚ್ಚು ಬಿಸಿಯಾಗುವುದಿಲ್ಲವಾದ್ದರಿಂದ, ಚರ್ಮಕ್ಕೆ ತಾಗುವ ಬಿಸಿ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಉಳಿಯುತ್ತದೆ. ಈ ಕಿಡಿನಾಲಗೆ ಗಾಳಿಯ ಆಮ್ಲಜನಕ, ಸಾರಜನಕ ಮತ್ತು ತೇವಾಂಶದೊಂದಿಗೆ ಬೆರೆತಾಗ ಹೈಡ್ರೋಜನ್ ಪೆರಾಕ್ಸೈಡ್, ನೈಟ್ರಿಕ್ ಆಕ್ಸೈಡ್ ಮೊದಲಾದವು ಹುಟ್ಟುತ್ತವೆ. ಇವು ಅಲ್ಪ ಪ್ರಮಾಣದಲ್ಲಿದ್ದರೆ ಕೋಶವು ಅವನ್ನು ಎಚ್ಚರಿಕೆಯೆಂದು ಗ್ರಹಿಸುತ್ತದೆ. ಎನ್‌ಆರ್‌ಎಫ್2 ಎಂಬ ಪ್ರೋಟೀನು ಕೋಶಕೇಂದ್ರವನ್ನು ಸೇರಿ ರಕ್ಷಣೆಯ ಜೀನುಗಳನ್ನು ಚುರುಕುಗೊಳಿಸುತ್ತದೆ, ಗಾಯದ ಅಂಚಿನ ಕೋಶಗಳು ಒಳಮುಖವಾಗಿ ಸರಿಯುವುದೂ ವೇಗ ಪಡೆಯಬಹುದು. ಪ್ರಮಾಣ ಮೀರಿದರೆ ಅದೇ ಕೋಶಗಳು ಸಾಯುತ್ತವೆ.

ಕರಾವಳಿಯಲ್ಲಿ ಕೆಲಸ ಮಾಡುವವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಅನಿಲದಲ್ಲಿ ತೇವ ಹೆಚ್ಚಿದಷ್ಟೂ ಪೆರಾಕ್ಸೈಡ್ ಹೆಚ್ಚುತ್ತದೆ. ಉಪಕರಣಕ್ಕೆ ಅನಿಲ ತರುವ ಕೊಳವೆ ಪ್ಲಾಸ್ಟಿಕ್ಕಿನದಾದರೆ ಅದರ ಗೋಡೆಯ ಮೂಲಕವೇ ತೇವ ನುಸುಳುವುದರಿಂದ, ಜುಲೈ ತಿಂಗಳ ಜಡಿಮಳೆಯಲ್ಲಿ ನಾವು ಲೋಹದ ಕೊಳವೆಯನ್ನೇ ಬಳಸಿ, ಪ್ರಯೋಗಕ್ಕೆ ಮೊದಲು ಬಹಳ ಹೊತ್ತು ಒಣ ಆರ್ಗಾನನ್ನು ಹಾಯಿಸುತ್ತೇವೆ. ಕೋಶಗಳ ಮೇಲಿನ ಪೋಷಕ ದ್ರವವೂ ಅಷ್ಟೇ ಮುಖ್ಯ: ಅದರಲ್ಲಿ ಪೈರುವೇಟ್ ಎಂಬ ಪೋಷಕಾಂಶ ಇದ್ದರೆ ಪೆರಾಕ್ಸೈಡನ್ನು ಅದೇ ತಟಸ್ಥಗೊಳಿಸುತ್ತದೆ, ಆಗ ಪ್ಲಾಸ್ಮಾ ನಿರಪಾಯಕಾರಿ ಎಂಬ ತಪ್ಪು ತೀರ್ಮಾನಕ್ಕೆ ಬರುವುದು ಸುಲಭ.

ಪ್ಲಾಸ್ಮಾದ ಗುಣವೆಲ್ಲ ರೋಗಾಣು ಕೊಲ್ಲುವುದರಲ್ಲೇ ಇದೆ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಮಧುಮೇಹಿಗಳ ಪಾದದ ಹುಣ್ಣಿನ ಬಗ್ಗೆ 2020ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ ಒಂದು ಗುಂಪಿಗೆ ಪ್ಲಾಸ್ಮಾವನ್ನೂ ಇನ್ನೊಂದಕ್ಕೆ ತೋರಿಕೆಯ ಚಿಕಿತ್ಸೆಯನ್ನೂ ಕೊಡಲಾಗಿತ್ತು. ಪ್ಲಾಸ್ಮಾ ಪಡೆದ ಹುಣ್ಣುಗಳು ಹೆಚ್ಚು ಬೇಗ ಕುಗ್ಗಿದವು. ರೋಗಾಣುಗಳ ಸಂಖ್ಯೆಯಲ್ಲಿ ಮಾತ್ರ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಕೋಶಗಳ ಪ್ರತಿಕ್ರಿಯೆಯನ್ನು ಪ್ರತ್ಯೇಕವಾಗಿ ಅಳೆಯಲೇಬೇಕು ಎಂಬುದು ನನ್ನ ದೃಢ ನಿಲುವು. ಪ್ಲಾಸ್ಮಾ ಇಲ್ಲದೆ ಬರಿಯ ಆರ್ಗಾನ್ ಹಾಯಿಸಿದ ಕೋಶಗಳ ತಟ್ಟೆಯೊಂದನ್ನು ಹೋಲಿಕೆಗೆ ಇಡದ ಯಾವ ಪ್ರಯೋಗವನ್ನೂ ನಮ್ಮಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಮಯದ ಜೊತೆಗೆ ಅನಿಲದ ಹರಿವು, ತುದಿಯಿಂದ ದ್ರವಕ್ಕಿರುವ ದೂರ, ದ್ರವದ ಆಳ, ಕೊಠಡಿಯ ತೇವಾಂಶ ಇಷ್ಟನ್ನೂ ವಿದ್ಯಾರ್ಥಿಗಳು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು.