ಕೊಂದಿದ್ದು ಯಾರು ಅಂತ ಮೊದಲೇ ಗೊತ್ತಿದ್ದ ಪುಸ್ತಕ

ಈ ವರ್ಷ ನಾನು ಓದಿದ್ದರಲ್ಲಿ ಮುಕ್ಕಾಲು ಪಾಲು ಕೊಲೆ, ದೆವ್ವ, ಅನ್ಯಗ್ರಹ. ಗಂಭೀರ ಕಾದಂಬರಿ ಅನ್ನಿಸಿಕೊಳ್ಳುವಂಥವು ಮೂರು ಶುರು ಮಾಡಿದ್ದೆ. ಮೂರೂ ನಡುವೆ ಬುಕ್‌ಮಾರ್ಕ್ ಸಿಕ್ಕಿಸಿಕೊಂಡು ಹಾಗೇ ಕೂತಿವೆ. ಮೊದಲೆಲ್ಲ ಯಾರಾದರೂ ಏನು ಓದ್ತಿದ್ದೀಯ ಅಂತ ಕೇಳಿದರೆ "ಸುಮ್ನೆ ಟೈಮ್‌ಪಾಸ್" ಅಂತ ಹೇಳಿ ಮುಖಪುಟ ಕೆಳಗೆ ಮಾಡಿ ಇಡುತ್ತಿದ್ದೆ, ಆ ನಾಚಿಕೆ ಈ ವರ್ಷ ಬಿಟ್ಟುಹೋಯಿತು. ಅಂದಹಾಗೆ ಇವು ಯಾವುವೂ ಈ ವರ್ಷ ಬಂದ ಪುಸ್ತಕಗಳಲ್ಲ. ಹೊಸದರ ಹಿಂದೆ ಓಡುವಷ್ಟು ಉಸಿರು ನನಗಿಲ್ಲ.

ವರ್ಷದ ನನ್ನ ಪುಸ್ತಕ ಯಾವುದು ಅನ್ನುವುದರಲ್ಲಿ ಅನುಮಾನವೇ ಇಲ್ಲ. ಜಪಾನಿನ ಕೀಗೊ ಹಿಗಾಶಿನೊ ಬರೆದ 'ದ ಡಿವೋಶನ್ ಆಫ್ ಸಸ್ಪೆಕ್ಟ್ ಎಕ್ಸ್'. ಜಪಾನಿಯಲ್ಲಿ ಬಂದಿದ್ದು 2005ರಲ್ಲಿ, ಇಂಗ್ಲಿಷಿಗೆ ಬಂದಿದ್ದು 2011ರಲ್ಲಿ, ನನ್ನ ಕೈಗೆ ಬಂದಿದ್ದು ಈಗ.

ಇದರಲ್ಲಿ ಕೊಲೆ ನಮ್ಮ ಕಣ್ಣೆದುರೇ ಆಗುತ್ತದೆ, ಅದೂ ಶುರುವಿನಲ್ಲೇ. ಯಾಸುಕೊ ಅನ್ನುವ ಹೆಂಗಸು ಊಟದ ಡಬ್ಬಿ ಮಾರುವ ಅಂಗಡಿಯಲ್ಲಿ ಕೆಲಸ ಮಾಡಿಕೊಂಡು ಮಗಳ ಜೊತೆ ಇದ್ದಾಳೆ. ಬಿಟ್ಟುಬಂದ ಗಂಡ ಹುಡುಕಿಕೊಂಡು ಬಂದು ಪೀಡಿಸುತ್ತಾನೆ, ಜಗಳ ಕೈಮೀರುತ್ತದೆ, ತಾಯಿ ಮಗಳು ಸೇರಿ ಅವನನ್ನು ಕೊಂದುಬಿಡುತ್ತಾರೆ. ಆಗ ಪಕ್ಕದ ಮನೆಯ ಗಣಿತದ ಮೇಷ್ಟ್ರು ಇಶಿಗಾಮಿ ಬಾಗಿಲು ತಟ್ಟುತ್ತಾನೆ. ಗೋಡೆ ತೆಳು, ಸದ್ದು ಕೇಳಿಸಿದೆ. ಪೊಲೀಸರಿಗೆ ಹೇಳುವ ಬದಲು, ಮುಂದಿನದನ್ನು ನನಗೆ ಬಿಡಿ ಅನ್ನುತ್ತಾನೆ.

ಅಂದರೆ ಯಾರು, ಯಾಕೆ, ಹೇಗೆ, ಮೂರೂ ಗೊತ್ತಾಯಿತು. ಪತ್ತೇದಾರಿ ಕಥೆಯಲ್ಲಿ ಇನ್ನೇನು ಉಳಿಯಿತು ಅಂತ ನಾನೂ ಅಂದುಕೊಂಡೆ. ಸತ್ತವನ ಗುರುತು ಸಿಗಬಾರದು ಅಂತ ಹೆಣದ ಮುಖ ಜಜ್ಜಿದೆ, ಬೆರಳಿನ ಗುರುತು ಸುಟ್ಟಿದೆ. ಇಷ್ಟೆಲ್ಲ ಮಾಡಿಯೂ ಪೊಲೀಸರಿಗೆ ಹೆಸರು ಬೇಗನೇ ಸಿಗುತ್ತದೆ. ಎಂಥ ಪೆದ್ದು ಕೆಲಸ ಅನ್ನಿಸಿತು. ತಾಯಿ ಮಗಳು ಆ ಸಂಜೆ ಸಿನಿಮಾಗೆ ಹೋಗಿದ್ದೆವು ಅನ್ನುತ್ತಾರೆ, ಟಿಕೆಟ್ ಚೂರು ತೋರಿಸುತ್ತಾರೆ. ಆ ಸಾಕ್ಷಿ ಪೂರ್ತಿ ಗಟ್ಟಿಯೂ ಅಲ್ಲ, ಪೂರ್ತಿ ಪೊಳ್ಳೂ ಅಲ್ಲ. ಓದುವಾಗ ಇದೆಲ್ಲ ಲೇಖಕನ ಕೈ ಸ್ವಲ್ಪ ಸಡಿಲವಾಗಿದೆ ಅನ್ನುವ ಹಾಗೆ ಕಾಣುತ್ತದೆ. ಕಾಣಲಿ. ಇದರಾಚೆ ನಾನು ಒಂದಕ್ಷರ ಹೇಳುವುದಿಲ್ಲ.

ಒಂದು ಸಣ್ಣ ವಿಷಯ ಮಾತ್ರ ಹೇಳಬಹುದು. ಇಶಿಗಾಮಿ ಪರೀಕ್ಷೆಗೆ ಪ್ರಶ್ನೆ ತೆಗೆಯುವ ರೀತಿ ಒಂದು ಕಡೆ ಬರುತ್ತದೆ. ನೋಡಲು ರೇಖಾಗಣಿತದ ಲೆಕ್ಕ, ನಿಜವಾಗಿ ಬೀಜಗಣಿತದ್ದು. ಹುಡುಗರು ಕೋನ, ಗೆರೆ ಅಂತ ಪರದಾಡುತ್ತಾರೆ, ಲೆಕ್ಕ ಬೇರೆಲ್ಲೋ ಇರುತ್ತದೆ. ನಾನು ಈ ಸಾಲನ್ನು ಓದಿದೆ, ಚೆನ್ನಾಗಿದೆಯಲ್ಲ ಅಂದುಕೊಂಡು ಪುಟ ತಿರುಗಿಸಿದೆ, ಮರೆತೆ. ಕೊನೆಗೆ ಬಂದಾಗ ಹಣೆ ಚಚ್ಚಿಕೊಳ್ಳುವ ಹಾಗಾಯಿತು, ಯಾಕೆಂದರೆ ಆತ ಹೇಳಿಯೇ ಮೋಸ ಮಾಡಿದ್ದ!

ನನಗೆ ಈ ಜಾನರ್ ಮೇಲೆ ಇಷ್ಟು ಪ್ರೀತಿ ಇರುವುದೇ ಇದಕ್ಕೆ. ಓದುಗರನ್ನು ಯಾಮಾರಿಸಬೇಕು, ಆದರೆ ಏನನ್ನೂ ಬಚ್ಚಿಡದೆ ಯಾಮಾರಿಸಬೇಕು. ರೊನಾಲ್ಡ್ ನಾಕ್ಸ್ ಅಂತ ಒಬ್ಬರು ಪಾದ್ರಿ ಇದ್ದರು, ತಾವೂ ಪತ್ತೇದಾರಿ ಕಥೆ ಬರೆಯುತ್ತಿದ್ದರು, 1929ರಲ್ಲಿ ಈ ಆಟಕ್ಕೆ ಹತ್ತು ಕಟ್ಟಳೆ ಹಾಕಿದರು. ಗುಪ್ತದಾರಿ ಒಂದಕ್ಕಿಂತ ಜಾಸ್ತಿ ಇರಬಾರದು, ಪತ್ತೇದಾರನೇ ಕೊಲೆಗಾರ ಆಗಬಾರದು, ಅವಳಿ ಅಣ್ಣತಮ್ಮಂದಿರನ್ನು ಮೊದಲೇ ಸುಳಿವು ಕೊಡದೆ ದಿಢೀರಂತ ತರಬಾರದು, ಹೀಗೆ. ಅರ್ಧ ತಮಾಷೆಗೆ ಬರೆದದ್ದು. ಆದರೂ ಕೊನೇ ಅಧ್ಯಾಯದಲ್ಲಿ ಎಲ್ಲಿಂದಲೋ ಅವಳಿ ತಮ್ಮ ಬಂದಾಗ ನಮಗೆ ಯಾಕೆ ಮೈ ಉರಿಯುತ್ತದೆ ಅನ್ನುವುದಕ್ಕೆ ಉತ್ತರ ಅಲ್ಲಿದೆ ಅಲ್ವಾ?

ಹಿಗಾಶಿನೊ ಗುಂಗಿನಲ್ಲೇ ಯುಕಿಟೊ ಅಯಾತ್ಸುಜಿಯ 'ದ ಡೆಕಗನ್ ಹೌಸ್ ಮರ್ಡರ್ಸ್' ಓದಿದೆ. 1987ರದ್ದು. ಕಾಲೇಜಿನ ಪತ್ತೇದಾರಿ ಕಥೆಗಳ ಸಂಘದ ಹುಡುಗರು ಒಂದು ದ್ವೀಪಕ್ಕೆ ಹೋಗುತ್ತಾರೆ, ಎಲ್ಲರಿಗೂ ಎಲರಿ, ಅಗಾಥಾ, ಪೋ ಅಂತ ಹಳೇ ಲೇಖಕರ ಅಡ್ಡಹೆಸರು, ಉಳಿಯುವುದು ಹತ್ತು ಮೂಲೆಯ ಮನೆಯಲ್ಲಿ, ಆಮೇಲೆ ಒಬ್ಬೊಬ್ಬರಾಗಿ ಸಾಯುತ್ತಾರೆ. ಪಾತ್ರಗಳು ರಟ್ಟಿನ ಗೊಂಬೆಗಳು, ನಿಜ. ಯಾರು ಸತ್ತರೂ ನನಗೆ ಅಯ್ಯೋ ಅನ್ನಿಸಲಿಲ್ಲ. ಆದರೆ ಒಂದು ಕಡೆ ಒಂದೇ ಒಂದು ಪುಟ್ಟ ಸಾಲು ಬರುತ್ತದೆ, ಮಾಮೂಲಿ ಮಾತಿನ ನಡುವೆ, ಅಷ್ಟಕ್ಕೇ ಅಲ್ಲಿವರೆಗೆ ಓದಿದ್ದೆಲ್ಲ ತಲೆಕೆಳಗಾಗುತ್ತದೆ. ಹಿಂದಕ್ಕೆ ಹೋಗಿ ಎಲ್ಲಿ ಎಡವಿದೆ ಅಂತ ಹುಡುಕಿದೆ, ಒಂದು ಕಡೆ ಅಲ್ಲ, ಹತ್ತು ಕಡೆ ಎಡವಿದ್ದೆ.

ವೈಜ್ಞಾನಿಕ ಕಥೆಗಳಲ್ಲಿ ಮನಸ್ಸಿನಲ್ಲಿ ಕೂತಿದ್ದು ಒಂದೇ. ರಷ್ಯಾದ ಸ್ಟ್ರುಗಾಟ್‌ಸ್ಕಿ ಸಹೋದರರ 'ರೋಡ್‌ಸೈಡ್ ಪಿಕ್‌ನಿಕ್', 1972ರದ್ದು. ಅನ್ಯಗ್ರಹದವರು ಬಂದರು, ಹೋದರು. ನಮ್ಮನ್ನು ಮಾತಾಡಿಸಲೂ ಇಲ್ಲ, ಕೊಲ್ಲಲೂ ಇಲ್ಲ. ದಾರಿಯಲ್ಲಿ ಹೋಗುವವರು ಮರದ ನೆರಳಲ್ಲಿ ಕೂತು ತಿಂದು, ಕಸ ಅಲ್ಲೇ ಬಿಟ್ಟು ಹೋದರೆ ಆಮೇಲೆ ಅಲ್ಲಿನ ಇರುವೆಗಳಿಗೆ ಹೇಗಿರುತ್ತದೆ, ಹಾಗೆ. ಆ ಕಸವನ್ನು ಕದ್ದು ತಂದು ಮಾರುವ ಜನರ ಕಥೆ ಇದು. ಅದರಲ್ಲೊಂದು ವಸ್ತು, ಎರಡು ಬಿಲ್ಲೆ, ನಡುವೆ ಏನೂ ಇಲ್ಲ, ಬರೀ ಗಾಳಿ, ಆದರೆ ಎಳೆದರೆ ಬಿಡುವುದಿಲ್ಲ, ಒತ್ತಿದರೆ ಹತ್ತಿರ ಬರುವುದಿಲ್ಲ. ಯಾವುದಕ್ಕೆ ಬಳಸುತ್ತಿದ್ದರೋ ಯಾರಿಗೂ ಗೊತ್ತಿಲ್ಲ. ಬಹುಶಃ ಅವರಿಗೆ ಅದು ಖಾಲಿ ಡಬ್ಬಿ. ನನಗಂತೂ ಯಾವ ಆಕಾಶ ಯುದ್ಧಕ್ಕಿಂತಲೂ ಇದೇ ಜಾಸ್ತಿ ಭಯ ಹುಟ್ಟಿಸಿತು, ನಾವು ಅವರ ಲೆಕ್ಕಕ್ಕೇ ಬರಲಿಲ್ಲ ಅನ್ನುವುದು.

ದೆವ್ವದ ಖಾತೆಯಲ್ಲಿ ಶರ್ಲಿ ಜಾಕ್ಸನ್ ಅವರ 'ದ ಹಾಂಟಿಂಗ್ ಆಫ್ ಹಿಲ್ ಹೌಸ್' ಓದಿದೆ. ನಡುವೆ ಸ್ವಲ್ಪ ಎಳೆದಾಡಿತು. ಆದರೆ ಕತ್ತಲಲ್ಲಿ ಹೆದರಿ ಪಕ್ಕದವಳ ಕೈ ಹಿಡಿದುಕೊಳ್ಳುವ ಒಂದು ಸನ್ನಿವೇಶ ಇದೆಯಲ್ಲ, ಅದನ್ನು ಹಗಲಲ್ಲಿ ಓದಿ.

ಬೇಜಾರಾಗಿದ್ದೂ ಇದೆ. ಒಂದು ಫ್ಯಾಂಟಸಿ ಸರಣಿ, ಹೆಸರು ಬೇಡ. ಮೊದಲ ಪುಟದಲ್ಲೇ ಭೂಪಟ, ಕೊನೆಯಲ್ಲಿ ರಾಜವಂಶದ ಪಟ್ಟಿ, ನಡುವಿನ ಏಳುನೂರು ಪುಟದಲ್ಲಿ ಎಲ್ಲರೂ ಕುದುರೆ ಮೇಲೆ ಎಲ್ಲಿಗೋ ಹೋಗುತ್ತಲೇ ಇರುತ್ತಾರೆ. ಎರಡನೇ ಸಂಪುಟದ ಹೊತ್ತಿಗೆ ಕುದುರೆಗಳ ಮೇಲೆ ಕನಿಕರ ಬಂದು ನಿಲ್ಲಿಸಿದೆ.

ಸಸ್ಪೆಕ್ಟ್ ಎಕ್ಸ್ ಈಗ ನನ್ನ ತಂಗಿ ಹತ್ತಿರ ಇದೆ. ಅರ್ಧ ಆಗಿದೆಯಂತೆ. ನಿನ್ನೆ ಫೋನ್ ಮಾಡಿ, "ಅಕ್ಕಾ, ಯಾರು ಕೊಂದಿದ್ದು ಅಂತ ಮೊದಲೇ ಹೇಳಿಬಿಟ್ಟಿದ್ದಾನಲ್ಲೇ, ಇನ್ನು ಓದೋದಕ್ಕೆ ಏನಿದೆ" ಅಂದಳು.

"ಹೌದಲ್ವಾ, ಏನಿದೆ" ಅಂದೆ. ಫೋನ್ ಇಡುವವರೆಗೂ ನಗು ತಡೆದುಕೊಳ್ಳುವುದೇ ಕಷ್ಟವಾಯಿತು.