ಕ್ಯಾಂಪಿನವರನ್ನು ಇನ್ನೂ ಎಷ್ಟು ವರ್ಷ ಸಾಕಬೇಕು?

ನಾನು ತಮಿಳುನಾಡಿನ ತಾಳವಾಡಿಯವನು ಅಂದ ತಕ್ಷಣ ಜನ ಕೇಳುವುದು ರಾಜ್‌ಕುಮಾರ್ ಬಗ್ಗೆ. 2000ನೇ ಇಸವಿ, ಗಾಜನೂರು, ವೀರಪ್ಪನ್. ಆ ವಿಷಯದಲ್ಲಿ ಹೇಳೋಕೆ ನನ್ನ ಹತ್ತಿರ ಹೊಸದೇನೂ ಉಳಿದಿಲ್ಲ.

ಎರಡನೇ ಪ್ರಶ್ನೆ ಚಾಮರಾಜನಗರ, ಮೈಸೂರು ಕಡೆಯ ನೆಂಟರದ್ದು. ದಿಂಬಂ ಘಾಟಿಯ 27 ತಿರುವು ಇಳಿದು ಬಣ್ಣಾರಿಯಮ್ಮನಿಗೆ ಕೈಮುಗಿದು, ಹಾಗೇ ಭವಾನಿಸಾಗರ ಡ್ಯಾಂ ನೋಡಿಕೊಂಡು ಬರುತ್ತಾರೆ. ಬಂದು ಊಟಕ್ಕೆ ಕೂತಾಗ ಶುರು: "ಅಲ್ಲಿ ಶ್ರೀಲಂಕಾದವರ ಕ್ಯಾಂಪ್ ಇದೆಯಲ್ಲ, ಅವರಿಗೆ ಸರ್ಕಾರ ಈಗಲೂ ದುಡ್ಡು ಕೊಡುತ್ತಂತೆ. ಯುದ್ಧ ಮುಗಿದು ಯಾವ ಕಾಲ ಆಯ್ತು? ಇನ್ನೂ ಎಷ್ಟು ವರ್ಷ ಸಾಕಬೇಕು?"

ಅವರು ಹೇಳುವ ಕ್ಯಾಂಪು ಶ್ರೀಲಂಕಾದ ಯುದ್ಧದಿಂದ ತಪ್ಪಿಸಿಕೊಂಡು ಬಂದ ತಮಿಳರದ್ದು. ಸಾಕುವುದು ಅನ್ನುವ ಮಾತನ್ನು ನಾವು ಎಮ್ಮೆಗೂ ಬಳಸುತ್ತೇವೆ, ಅದಿರಲಿ. ಸುಳ್ಳು ಯಾಕೆ, 2023ರವರೆಗೆ ನಾನೂ ಇದೇ ಪ್ರಶ್ನೆ ಕೇಳುತ್ತಿದ್ದೆ. ಆ ವರ್ಷ ನಮ್ಮ ಮನೆಗೆ ಬಣ್ಣ ಹೊಡೆಸಿದೆವು. ಸತ್ಯಮಂಗಲದ ಪೇಂಟ್ ಅಂಗಡಿಯವರು ಕಳಿಸಿಕೊಟ್ಟ ನಾಲ್ಕು ಜನರಲ್ಲಿ ಮೂವರು ಆ ಕ್ಯಾಂಪಿನವರು. ಮೇಸ್ತ್ರಿಗೆ ಮೂವತ್ತೆರಡು ವರ್ಷ. ನನ್ನನ್ನು ಅಣ್ಣಾ ಅನ್ನುತ್ತಿದ್ದ, ನಾನು ತಂಬಿ ಅನ್ನುತ್ತಿದ್ದೆ. ಅಪ್ಪ ಅಮ್ಮ 1990ರಲ್ಲಿ ಮನ್ನಾರ್ ಕಡೆಯಿಂದ ದೋಣಿ ಹತ್ತಿ ರಾಮೇಶ್ವರಕ್ಕೆ ಬಂದವರು. ಇವನು ಮುಂದಿನ ವರ್ಷ ಇಲ್ಲೇ, ಕ್ಯಾಂಪಿನಲ್ಲೇ ಹುಟ್ಟಿದ. ಶ್ರೀಲಂಕಾವನ್ನು ಕಣ್ಣಲ್ಲಿ ನೋಡಿಲ್ಲ.

ಮೊದಲು ದುಡ್ಡಿನ ಲೆಕ್ಕವನ್ನೇ ಮುಗಿಸೋಣ. ಜನಕ್ಕೆ ಅದೇ ತಾನೆ ಬೇಕಾಗಿರುವುದು. 2021ರ ಆಗಸ್ಟಿನಲ್ಲಿ ತಮಿಳುನಾಡು ಸರ್ಕಾರ ತಿಂಗಳ ಸಹಾಯಧನ ಹೆಚ್ಚಿಸಿತು. ಮನೆಯ ಯಜಮಾನನಿಗೆ 1,000 ಇದ್ದದ್ದು 1,500 ಆಯ್ತು. ಉಳಿದ ದೊಡ್ಡವರಿಗೆ 750ರಿಂದ 1,000. ಹನ್ನೆರಡು ತುಂಬದ ಮಕ್ಕಳಿಗೆ 400ರಿಂದ 500. ಮೇಸ್ತ್ರಿ ಮನೆಯಲ್ಲಿ ಗಂಡ ಹೆಂಡತಿ, ಇಬ್ಬರು ಸಣ್ಣ ಮಕ್ಕಳು. ಒಟ್ಟು 3,500 ರೂಪಾಯಿ. ನಾನು ಅವನಿಗೆ ದಿನಕ್ಕೆ 900 ಕೊಡುತ್ತಿದ್ದೆ. ಅಂದರೆ ಸರ್ಕಾರ ಇಡೀ ಸಂಸಾರಕ್ಕೆ ತಿಂಗಳಿಗೆ ಕೊಡುವುದು ಅವನ ನಾಲ್ಕು ದಿನದ ಕೂಲಿಗಿಂತ ಕಡಿಮೆ. ಜೊತೆಗೆ ರೇಷನ್ ಅಕ್ಕಿ ಸಿಗುತ್ತದೆ, ನಿಜ. ನಮಗೂ ಸಿಗುತ್ತದೆ.

ಅದೇ ವರ್ಷ ರಾಜ್ಯ ಸರ್ಕಾರ ಈ ಕ್ಯಾಂಪಿನವರಿಗಾಗಿ ಅಂತ ಹೇಳಿದ ಇನ್ನೊಂದು ಮೊತ್ತ 317.40 ಕೋಟಿ. ಇದನ್ನು ಕೇಳಿಯೇ ನಮ್ಮ ನೆಂಟರ ಹುಬ್ಬು ಮೇಲೇರುವುದು. ಅದರಲ್ಲಿ 231.54 ಕೋಟಿ 7,469 ಹೊಸ ಮನೆ ಕಟ್ಟೋಕೆ. ಭಾಗಿಸಿದರೆ ಮನೆಗೆ 3.1 ಲಕ್ಷ. ನನ್ನ ತೋಟದ ಬೋರ್‌ವೆಲ್ಲು, ಮೋಟರು, ಪಂಪ್‌ ಹೌಸು ಸೇರಿ ಅದಕ್ಕಿಂತ ಜಾಸ್ತಿ ನುಂಗಿವೆ. ರಾಜ್ಯದಲ್ಲಿ ಇಂಥ ಕ್ಯಾಂಪ್‌ಗಳು ನೂರಕ್ಕೂ ಹೆಚ್ಚು, ಒಳಗೆ ಆಗ ಇದ್ದವರು ಸುಮಾರು 58,000 ಜನ. ಬಹಳಷ್ಟು ಕಡೆ ಹತ್ತಡಿ ಉದ್ದ ಹತ್ತಡಿ ಅಗಲದ ಕೋಣೆಗಳಲ್ಲೇ ಮೂವತ್ತು ವರ್ಷ ಕಳೆದವರು. ಆಗಲೇ ಹೆಸರನ್ನೂ ಬದಲಾಯಿಸಿದರು. ಅಲ್ಲಿಯವರೆಗೆ 'ಅಗದಿಗಳ್ ಮುಗಾಂ', ಅಂದರೆ ನಿರಾಶ್ರಿತರ ಶಿಬಿರ. ಈಗ 'ಮರುವಾಳ್ವು ಮುಗಾಂ', ಅಂದರೆ ಮರುಬದುಕಿನ ಶಿಬಿರ. ನಮ್ಮೂರವರ ಬಾಯಲ್ಲಿ ಆಗಲೂ ಕ್ಯಾಂಪು, ಈಗಲೂ ಕ್ಯಾಂಪು.

"ಹಾಗಾದರೆ ಅವರ ಊರಲ್ಲೇ ಮನೆ ಕಟ್ಟಿಸಿಕೊಟ್ಟು ಕಳಿಸಬಹುದಲ್ವಾ?" ಇದು ಮುಂದಿನ ಮಾತು. ಅಲ್ಲಿಯೂ ಕಟ್ಟಿಸಿದ್ದಾರೆ. 2009ರಲ್ಲಿ ಯುದ್ಧ ಮುಗಿದಾಗ ಸುಮಾರು ಮೂರು ಲಕ್ಷ ಜನ ಅವರದೇ ದೇಶದ ಕ್ಯಾಂಪ್‌ಗಳಲ್ಲಿದ್ದರು. ನಮ್ಮ ಕೇಂದ್ರ ಸರ್ಕಾರ ಅಲ್ಲಿಗೆ ಆಸ್ಪತ್ರೆ ಕಳಿಸಿತು, ನೆಲಬಾಂಬ್ ತೆಗೆಯುವವರನ್ನು ಕಳಿಸಿತು, ಸೂರಿಗೆ ತಗಡು, ಸಿಮೆಂಟು, ಟ್ರ್ಯಾಕ್ಟರು ಕೊಟ್ಟಿತು. ಆಮೇಲೆ 50,000 ಮನೆಗಳ ಯೋಜನೆ. ಅದರಲ್ಲಿ 46,000 ಉತ್ತರ ಮತ್ತು ಪೂರ್ವ ಪ್ರಾಂತ್ಯಕ್ಕೆ, 4,000 ಟೀ ಎಸ್ಟೇಟಿನವರಿಗೆ. ಇದರಲ್ಲಿ ನನಗೆ ಹಿಡಿಸಿದ್ದು ಕೊಡುವ ರೀತಿ. ಉತ್ತರ, ಪೂರ್ವದಲ್ಲಿ ಹೆಚ್ಚಿನ ಕಡೆ ಕಂಟ್ರಾಕ್ಟರಿಗೆ ಕೊಡಲಿಲ್ಲ. ಮನೆಗೆ ಅವರ ದುಡ್ಡಿನಲ್ಲಿ 5.5 ಲಕ್ಷ. ಪಾಯ, ಗೋಡೆ, ಚಾವಣಿ ಏಳುತ್ತಿದ್ದ ಹಾಗೆ ಕಂತು ಕಂತಾಗಿ ಮನೆಯವರ ಖಾತೆಗೇ ಹಾಕಿದರು. ಮೇಸ್ತ್ರಿಯ ಚಿಕ್ಕಮ್ಮನಿಗೆ ಅಂಥದ್ದೊಂದು ಮನೆ ಬಂದಿದೆಯಂತೆ, ಫೋನಲ್ಲಿ ಫೋಟೋ ತೋರಿಸಿದ. ಗೋಡೆ ನೋಡಿ, "ಪ್ರೈಮರ್ ಹಾಕದೇ ಹೊಡೆದಿದ್ದಾರೆ" ಅಂದ.

ಆದರೆ ಆ ಮನೆ ಅಲ್ಲೇ ಉಳಿದವರದ್ದು. ಇವನಿಗೆ ಅಲ್ಲಿ ಜಾಗ ಇಲ್ಲ, ಕೆಲಸ ಇಲ್ಲ, ಗುರುತಿನವರಿಲ್ಲ. ಹೋಗುತ್ತೇನೆ ಅಂದವರಿಗೆ ವಿಶ್ವಸಂಸ್ಥೆಯ ನಿರಾಶ್ರಿತರ ವಿಭಾಗ ಟಿಕೆಟ್ ಕೊಡಿಸಿದೆ, ಹೋದವರೂ ಇದ್ದಾರೆ. "ನೀವು ಗಾಜನೂರು ಬಿಟ್ಟು ಮನ್ನಾರ್‌ಗೆ ಹೋಗ್ತೀರಾ ಅಣ್ಣಾ? ನಿಮಗೆ ಅದು ಎಷ್ಟು ದೂರವೋ ನನಗೂ ಅಷ್ಟೇ" ಅಂದ.

ನನ್ನ ಬಾಯಿ ಮುಚ್ಚಿಸಿದ್ದು ಇನ್ನೊಂದು ಸಂಗತಿ. ಕೆಲಸ ಅರ್ಧ ಆಗಿತ್ತು. ಮುಂಬಾಗಿಲಿಗೆ ಒಂದು ಕೋಟ್ ಮಾತ್ರ ಬಿದ್ದಿತ್ತು. ಬೆಳಿಗ್ಗೆ ಬಂದವನೇ, "ನಾಳೆ ನಾವು ಮೂವರೂ ಬರಲ್ಲ" ಅಂದ. ಗೃಹಪ್ರವೇಶಕ್ಕೆ ಐದೇ ದಿನ, ನಾನು ರೇಗಿದೆ. ಮಾರನೇ ದಿನ ಕ್ಯಾಂಪಿನಲ್ಲಿ ತಲೆ ಎಣಿಸುವ ದಿನವಂತೆ. ತಿಂಗಳಿಗೊಮ್ಮೆ ಎಲ್ಲರೂ ಎದುರಿಗೆ ನಿಂತು ಇದ್ದೇವೆ ಅನ್ನಬೇಕು. ಇಲ್ಲದಿದ್ದರೆ ಸಹಾಯಧನ ಹೋಗಬಹುದು, ಅದಕ್ಕಿಂತ ಹೆಚ್ಚಾಗಿ ಪಟ್ಟಿಯಿಂದ ಹೆಸರು ಹೋಗಬಹುದು. ಹುಟ್ಟಿದ ಊರಿನಲ್ಲಿ ಹಾಜರಿ!

ಪೌರತ್ವದ ಕಾನೂನು ಹೀಗಿದೆ. 1987ರ ಜುಲೈ 1ಕ್ಕಿಂತ ಮುಂಚೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. 1986ರಲ್ಲಿ ಮಂಡಪಂ ಕ್ಯಾಂಪಿನಲ್ಲಿ ಹುಟ್ಟಿದ ಮಹಿಳೆಯೊಬ್ಬರು ಹೈಕೋರ್ಟಿಗೆ ಹೋಗಿ ಪಾಸ್‌ಪೋರ್ಟ್ ಪಡೆದು, 2024ರ ಲೋಕಸಭೆ ಚುನಾವಣೆಯಲ್ಲಿ ತಿರುಚ್ಚಿಯಲ್ಲಿ ಓಟು ಹಾಕಿದರು. 1987ರ ಆ ಜುಲೈ 1ರಿಂದ ಈಚೆಗೆ ಹುಟ್ಟಿದ್ದರೆ ತಂದೆ ತಾಯಿಯಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. ನಮ್ಮ ಮೇಸ್ತ್ರಿ 1991. ಹೊರಗಿನಿಂದ ಬಂದ ಕೆಲವರಿಗೆ ಪೌರತ್ವದ ದಾರಿ ತೆರೆದ 2019ರ ತಿದ್ದುಪಡಿಯಲ್ಲಿ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನ ಇವೆ, ಶ್ರೀಲಂಕಾ ಇಲ್ಲ. 2025ರಲ್ಲಿ ಕೇಂದ್ರ ಇವರಿಗೆ ವೀಸಾ, ಪಾಸ್‌ಪೋರ್ಟ್ ಇಲ್ಲದ್ದಕ್ಕೆ ಶಿಕ್ಷೆಯಿಂದ ವಿನಾಯಿತಿ ಕೊಟ್ಟಿತು. ಜೈಲಿಗೆ ಹಾಕಲ್ಲ ಅಂದರು, ನಮ್ಮವರು ಅನ್ನಲಿಲ್ಲ.

ಹಾಗಾಗಿ ನೆಂಟರಿಗೆ ನಾನು ಈಗ ಹೇಳುವುದು ಇಷ್ಟು. ದುಡ್ಡು ಕೊಟ್ಟು ಕೊಟ್ಟು ಸರ್ಕಾರ ಸೋತಿಲ್ಲ, ಅದು ಸಣ್ಣ ಖರ್ಚು. ಕೊಡದೇ ಇಟ್ಟುಕೊಂಡಿರುವುದು ಒಂದು ಕಾಗದ. ಅದು ಸಿಕ್ಕರೆ ಬ್ಯಾಂಕ್ ಸಾಲ, ಸರ್ಕಾರಿ ನೌಕರಿ, ಸ್ವಂತ ಸೈಟು ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ಸಹಾಯಧನದ ಸಾಲಿನಲ್ಲಿ ನಿಲ್ಲೋಕೆ ಮೇಸ್ತ್ರಿಗೇನೂ ಆಸೆಯಿಲ್ಲ, ಒಂದು ದಿನದ ಕೂಲಿ ಹೋಗುತ್ತದೆ.

ಅವರು ಬಾಗಿಲಿಗೆ ಎರಡನೇ ಕೋಟ್ ಹೊಡೆದ ದಿನ ನಾನು ಹಳೆಯ ಬೀರು ಖಾಲಿ ಮಾಡುತ್ತಿದ್ದೆ. ನನ್ನ ವೋಟರ್ ಐಡಿ ಕೆಳಗೆ ಬಿತ್ತು. ಮೇಸ್ತ್ರಿ ಎತ್ತಿಕೊಂಡು ನೋಡಿದ.

"ತಮಿಳಲ್ಲಿ ಇದೆಯಲ್ಲಣ್ಣಾ, ನಿಮಗೆ ಓದೋಕೆ ಬರುತ್ತಾ?"

"ಅಷ್ಟಕ್ಕಷ್ಟೆ ತಂಬಿ. ನಾನು ಓದಿದ್ದು ಕನ್ನಡ ಸ್ಕೂಲು."

ಅವನು ನನ್ನ ಹೆಸರು, ನನ್ನಪ್ಪನ ಹೆಸರು ಗಟ್ಟಿಯಾಗಿ ಓದಿದ. ವಿಳಾಸವನ್ನೂ ಓದಿದ, ಎಲ್ಲೂ ತಡವರಿಸದೆ. ಬೆರಳಿನ ಬಣ್ಣ ತಾಗದ ಹಾಗೆ ಅಂಚು ಹಿಡಿದು ವಾಪಸ್ ಕೊಟ್ಟ.