‘ಉದ್ಭವಿಸುವುದಿಲ್ಲ’: ಶಾಸಕರ ಕಚೇರಿಯಲ್ಲಿ ನಾನು ಕಲಿತ ಪಾಠ

ಶಾಸಕರೊಬ್ಬರ ಆಪ್ತ ಸಹಾಯಕನಾಗಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಬಯಲುಸೀಮೆಯ ಒಂದು ತಾಲ್ಲೂಕು. ಯಾವ ಶಾಸಕರು, ಯಾವ ಪಕ್ಷ ಅಂತ ಕೇಳಬೇಡಿ. ಈಗ ಬೇರೆ ಕಡೆ ಇದ್ದೇನೆ, ಆದರೂ ಉಂಡ ಮನೆಯ ಋಣ ಇದೆ.

ಪಿಎ ಅಂದ್ರೆ ಕಾರಿನ ಮುಂದಿನ ಸೀಟಲ್ಲಿ ಕೂತು ಫೋನಲ್ಲಿ ದರ್ಪ ತೋರಿಸೋನು ಅಂತ ಜನ ಅಂದ್ಕೊಂಡಿದ್ದಾರೆ. ನಾನೂ ಹಾಗೇ ಅಂದ್ಕೊಂಡು ಸೇರಿದವನೇ. ಮೊದಲ ತಿಂಗಳು ನಾನು ಮಾಡಿದ ದೊಡ್ಡ ಕೆಲಸ ಅಂದ್ರೆ ಮದುವೆ ಕಾರ್ಡುಗಳನ್ನ ದಿನಾಂಕದ ಪ್ರಕಾರ ಜೋಡಿಸಿದ್ದು. ಒಂದೇ ಮುಹೂರ್ತಕ್ಕೆ ಹನ್ನೊಂದು ಮದುವೆ, ಎರಡು ಗೃಹಪ್ರವೇಶ, ಮಧ್ಯೆ ಒಂದು ಹನ್ನೊಂದನೇ ದಿನದ ತಿಥಿ. ಮದುವೆಗೆ ತಪ್ಪಿಸಿಕೊಂಡರೆ ಜನ ಬೈದು ಮರೆಯುತ್ತಾರೆ. ಸಾವಿನ ಮನೆಗೆ ಹೋಗದಿದ್ದರೆ ಮರೆಯೋದಿಲ್ಲ. ಇದು ಸಾಹೇಬ್ರು ನನಗೆ ಹೇಳಿಕೊಟ್ಟ ಮೊದಲ ಮಾತು.

ಬೆಳಿಗ್ಗೆ ಏಳಕ್ಕೆಲ್ಲ ಮನೆ ಜಗಲಿ ತುಂಬಿರುತ್ತಿತ್ತು. ರಾಜ್ಯದಲ್ಲಿ 224 ವಿಧಾನಸಭಾ ಕ್ಷೇತ್ರಗಳಿವೆ. ಲೆಕ್ಕ ಹಾಕಿದರೆ ಒಂದೊಂದಕ್ಕೆ ಸರಾಸರಿ ಎರಡು ಲಕ್ಷಕ್ಕೂ ಜಾಸ್ತಿ ಮತದಾರರು. ಅವರಲ್ಲಿ ದಿನಕ್ಕೆ ಐವತ್ತು ಜನ ಬಂದರೂ ಆ ಜಗಲಿ ಸಾಕಾಗಲ್ಲ. ಜಮೀನು ಅಳೆದು ಬೇರೆ ಮಾಡೋ ಪೋಡಿ ಆಗಿಲ್ಲ, ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಮಗನಿಗೆ ಹಾಸ್ಟೆಲ್ ಸೀಟು ಬೇಕು, ಅಣ್ಣ ಬೇಲಿ ಒತ್ತರಿಸಿದ್ದಾನೆ. ನನ್ನ ಕೈಯಲ್ಲಿ ಒಂದು ಲಾಂಗ್ ಬುಕ್. ಹೆಸರು, ಊರು, ಕೆಲಸ ಅಂತ ಮೂರು ಕಾಲಂ. ಬರೆದುಕೊಂಡು, ಲೆಟರ್‌ಹೆಡ್‌ನಲ್ಲಿ ‘ಸೂಕ್ತ ಕ್ರಮ ಕೈಗೊಳ್ಳುವುದು’ ಅಂತ ಟೈಪ್ ಮಾಡಿ, ಸಹಿ ಹಾಕಿಸಿ ಕೈಗೆ ಕೊಡುತ್ತಿದ್ದೆ. ಅವರು ಖುಷಿಯಾಗಿ ಹೋಗುತ್ತಿದ್ದರು. ನನಗೂ ಖುಷಿ. ದಿನಕ್ಕೆ ಮೂವತ್ತು ಪತ್ರ ಕೊಟ್ಟರೆ ಮೂವತ್ತು ಕೆಲಸ ಮಾಡಿದ ಹಾಗೆ ಅನಿಸುತ್ತಿತ್ತು.

ಆ ಪತ್ರಗಳು ಏನಾಗುತ್ತವೆ ಅಂತ ಗೊತ್ತಾಗಿದ್ದು ಒಬ್ಬ ಅಜ್ಜಿಯಿಂದ.

ಅಜ್ಜಿಗೆ ಸಂಧ್ಯಾ ಸುರಕ್ಷಾ ಪಿಂಚಣಿ, ಅಂದ್ರೆ ವಯಸ್ಸಾದವರಿಗೆ ಸರ್ಕಾರ ಕೊಡೋದು, ತಿಂಗಳಿಗೆ 1200 ರೂಪಾಯಿ. ಎಂಟು ತಿಂಗಳಿಂದ ಬಂದಿಲ್ಲ ಅಂತ ಬಂದಿದ್ದಳು. ನಾನು ಪತ್ರ ಕೊಟ್ಟೆ. ಮುಂದಿನ ತಿಂಗಳು ಮತ್ತೆ ಬಂದಳು, ಮತ್ತೊಂದು ಪತ್ರ ಕೊಟ್ಟೆ. ಮೂರನೇ ಸಲ ಬಂದಾಗ ಎಲೆಅಡಿಕೆ ಚೀಲದಿಂದ ಹಳೇ ಎರಡೂ ಪತ್ರ ತೆಗೆದು ನನ್ನ ಮುಂದೆ ಇಟ್ಟಳು. ನಾಲ್ಕು ಮಡಿಕೆ ಮಾಡಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೋಪಾನ ಮಾಡಿದ್ದಳು. ಎರಡರ ಮೇಲೂ ತಾಲ್ಲೂಕು ಕಚೇರಿಯ ಸೀಲು ಬಿದ್ದಿತ್ತು. ಅಷ್ಟೇ. “ಇವನ್ನ ಬ್ಯಾಂಕ್ನೋರು ತಗೊಳಲ್ಲ ಕಣಪ್ಪ, ದುಡ್ಡು ಕೊಡೋ ಚೀಟಿ ಬರ್ಕೊಡು” ಅಂದಳು.

ನನಗೆ ಸಿಟ್ಟು ಬಂತು. ಅಜ್ಜಿ ಮೇಲಲ್ಲ, ತಾಲ್ಲೂಕು ಕಚೇರಿ ಮೇಲೆ. ಆಗ ಅಧಿವೇಶನ ಹತ್ತಿರ ಇತ್ತು. ಸಾಹೇಬ್ರ ಹತ್ತಿರ ಹೋಗಿ, ಇದನ್ನ ಸದನದಲ್ಲೇ ಕೇಳೋಣ ಅಂದೆ. ಬರ್ಕೊಂಡು ಬಾ ಅಂದರು. ಬರೆದೆ.

(ಅ) ತಾಲ್ಲೂಕಿನಲ್ಲಿ ಸಂಧ್ಯಾ ಸುರಕ್ಷಾ ಫಲಾನುಭವಿಗಳಿಗೆ ಸಕಾಲದಲ್ಲಿ ಪಿಂಚಣಿ ಪಾವತಿಯಾಗದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?
(ಆ) ಬಂದಿದ್ದಲ್ಲಿ, ಈ ಬಗ್ಗೆ ಸರ್ಕಾರ ಕೈಗೊಂಡ ಕ್ರಮಗಳೇನು?

ಎಷ್ಟು ಗಟ್ಟಿಯಾಗಿ ಕೇಳಿದ್ದೀನಿ ಅಂತ ನನಗೇ ಹೆಮ್ಮೆ. ಕೆಲವು ವಾರ ಬಿಟ್ಟು ಉತ್ತರ ಬಂತು. ಎರಡು ಕಾಲಂ ಇರುತ್ತೆ, ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. (ಅ) ಎದುರು ‘ಬಂದಿರುವುದಿಲ್ಲ’. (ಆ) ಎದುರು ‘ಉದ್ಭವಿಸುವುದಿಲ್ಲ’, ಅಂದ್ರೆ ಆ ಪ್ರಶ್ನೆಯೇ ಏಳೋದಿಲ್ಲ.

ಎರಡು ಪದ. ಆ ಹಾಳೆಯಲ್ಲಿ ನನ್ನ ಪ್ರಶ್ನೆಯೇ ಉತ್ತರಕ್ಕಿಂತ ಉದ್ದ ಇತ್ತು.

ಸಾಹೇಬ್ರು ಬೈಯಲಿಲ್ಲ. ಸುಮ್ನೆ ನಕ್ಕು, “ಗಮನಕ್ಕೆ ಬಂದಿದೆಯೇ ಅಂತ ಕೇಳಿದ್ರೆ ಯಾರಾದ್ರೂ ಬಂದಿದೆ ಅಂತಾರೇನಯ್ಯ?” ಅಂದರು. ಬೆಂಗಳೂರಿಗೆ ಹೋದಾಗ ಶಾಸಕರ ಭವನದ ಕ್ಯಾಂಟೀನಲ್ಲಿ ಇನ್ನೊಬ್ಬ ಶಾಸಕರ ಹಳೇ ಪಿಎ ಸಿಕ್ಕರು. ನಾಲ್ಕು ವಿಧಾನಸಭೆ ಕಂಡವರು. ಹಾಳೆ ನೋಡಿ ಅವರು ಕೇಳಿದ್ದು ಒಂದೇ ಮಾತು. “ದುಡ್ಡು ಯಾಕೆ ಬಂದಿಲ್ಲ ಅಂತ ನಿನಗೆ ಗೊತ್ತಾ?” ಗೊತ್ತಿರಲಿಲ್ಲ. “ನಿನಗೇ ಗೊತ್ತಿಲ್ಲದ್ದನ್ನ ಅವರನ್ನ ಕೇಳಿದ್ರೆ, ಅವರಿಗೂ ಗೊತ್ತಿಲ್ಲ ಅಂತಾರೆ.”

ಹೌದಲ್ವಾ. ಮೂರು ಸಲ ಬಂದ ಅಜ್ಜಿಯನ್ನ ನಾನು ಒಂದು ಸಲವೂ ಕೂರಿಸಿ ಏನಾಯ್ತು ಅಂತ ಕೇಳಿರಲಿಲ್ಲ. ಹೆಸರು, ಊರು, ಕೆಲಸ, ಮುಗೀತು.

ಊರಿಗೆ ಬಂದವನೇ ಅಜ್ಜಿ ಮನೆಗೆ ಹೋದೆ. ಪಾಸ್‌ಬುಕ್ ತೋರಿಸಜ್ಜಿ ಅಂದೆ. ಅದೇ ಹಳೇ ಬ್ಯಾಂಕಿನ ಪಾಸ್‌ಬುಕ್ ಕೊಟ್ಟಳು. ಇದು ಬಿಟ್ಟು ಬೇರೆ ಎಲ್ಲಾದ್ರೂ ಖಾತೆ ಇದೆಯಾ ಅಂದೆ. ಇಲ್ಲ ಅಂದಳು. ಅಡುಗೆ ಮನೆಯಿಂದ ಸೊಸೆ ಕೂಗಿದಳು, “ಸಂಘದ ಸಾಲಕ್ಕೆ ಅಂತ ಮಾಡ್ಸಿದ್ರಲ್ಲ ಅತ್ತೆ, ಅದು?” ಇನ್ನೊಂದು ಪಾಸ್‌ಬುಕ್ ಟ್ರಂಕಿನಿಂದ ಹೊರಗೆ ಬಂತು. ಆಧಾರ್ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ನೋಡೋಕೆ ಓಟಿಪಿ ಬೇಕು. ಅದು ಹೋಗೋದು ಪೀಣ್ಯದಲ್ಲಿ ಕೆಲಸ ಮಾಡುವ ಮೊಮ್ಮಗನ ಮೊಬೈಲಿಗೆ. ಅವನು ಶಿಫ್ಟಿನಲ್ಲಿದ್ದ. ಸಂಜೆ ತನಕ ಕಾದು, ಮಧ್ಯೆ ಎರಡು ಲೋಟ ಕಾಫಿ ಕುಡಿದು, ಕೊನೆಗೆ ಓಟಿಪಿ ತಗೊಂಡು ನೋಡಿದರೆ, ಆಧಾರ್ ಸಂಘದ ಖಾತೆಗೆ ಸೇರಿಕೊಂಡಿದೆ. ಅಷ್ಟೂ ತಿಂಗಳ ದುಡ್ಡು ಅಲ್ಲಿ ಬಂದು ಬಿದ್ದಿದೆ.

ವಿಷಯ ಇಷ್ಟೇ. ಆಧಾರ್ ಮೂಲಕ ಹಣ ಹಾಕುವಾಗ, ಅರ್ಜಿಯಲ್ಲಿ ಕೊಟ್ಟ ಖಾತೆ ಯಾವುದು ಅಂತ ನೋಡಲ್ಲ. ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಮ್ಯಾಪ್ ಆಗಿದೆಯೋ ಅಲ್ಲಿಗೆ ಹೋಗುತ್ತೆ. ಹೊಸ ಖಾತೆ ತೆರೆಯುವಾಗ ಒಂದು ಕಡೆ ಹೆಬ್ಬೆಟ್ಟು ಒತ್ತಿಸಿಕೊಂಡಿರುತ್ತಾರೆ, ಅಲ್ಲಿಗೆ ದಾರಿ ಬದಲಾಯಿತು. ತಾಲ್ಲೂಕು ಕಚೇರಿಯ ಕಂಪ್ಯೂಟರಿನಲ್ಲಿ ‘ಪಾವತಿಯಾಗಿದೆ’ ಅಂತಲೇ ಇದೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ಅಜ್ಜಿಯೂ ಸುಳ್ಳು ಹೇಳುತ್ತಿರಲಿಲ್ಲ. ನನ್ನ ಪತ್ರ ಮಾತ್ರ ಯಾರಿಗೂ ಸಂಬಂಧ ಇಲ್ಲದ ಹಾಗೆ ಮಧ್ಯದಲ್ಲಿ ಓಡಾಡುತ್ತಿತ್ತು.

ಅವತ್ತಿಂದ ಲಾಂಗ್ ಬುಕ್ಕಿನಲ್ಲಿ ‘ಯಾಕೆ’ ಅಂತ ಇನ್ನೊಂದು ಕಾಲಂ ಎಳೆದೆ. ಅದನ್ನ ತುಂಬಿಸೋಕೆ ಒಬ್ಬೊಬ್ಬರಿಗೆ ಹತ್ತು ನಿಮಿಷ ಬೇಕು. ದಿನಕ್ಕೆ ಕೊಡುವ ಪತ್ರ ಮೂವತ್ತರಿಂದ ಹತ್ತಕ್ಕೆ ಇಳಿಯಿತು. ಜಗಲಿಯಲ್ಲಿ ಗೊಣಗಾಟ ಜಾಸ್ತಿ ಆಯ್ತು. ‘ಪಿಎಗೆ ದುರಹಂಕಾರ ಬಂದಿದೆ’ ಅಂತ ಸಾಹೇಬ್ರ ಕಿವಿಗೂ ಬಿತ್ತು. ಆದರೆ ಎರಡು ತಿಂಗಳಲ್ಲಿ ಆ ಕಾಲಂನಲ್ಲಿ ಒಂದೇ ಕಾರಣ ಮತ್ತೆ ಮತ್ತೆ ಕಾಣಿಸತೊಡಗಿತು. ಬೇರೆ ಬೇರೆ ಊರು, ಅದೇ ಕತೆ.

ಗ್ರಾಮ ಭೇಟಿಗೆ ಹೋದಾಗ ನಿಲ್ಲುವ ಜಾಗವನ್ನೂ ಬದಲಾಯಿಸಿದೆ. ಅರಳಿಕಟ್ಟೆ ಮೇಲೆ ಸಾಹೇಬ್ರು ಕೂರುತ್ತಾರೆ, ಸುತ್ತ ಊರಿನ ಮುಖಂಡರು. ಮೊದಲ ಅರ್ಧ ಗಂಟೆ ಹಾರ, ಶಾಲು, ದೇವಸ್ಥಾನದ ಕಾಂಪೌಂಡು, ಸಮುದಾಯ ಭವನ. ನಿಜವಾಗಿ ತೊಂದರೆ ಇರೋರು ಕಟ್ಟೆ ಹತ್ತಿರ ಬರೋದೇ ಇಲ್ಲ. ನೀರಿನ ಟ್ಯಾಂಕ್ ಹತ್ತಿರ, ಗೋಡೆಗೆ ಒರಗಿಕೊಂಡು, ಸೆರಗು ಬಾಯಿಗೆ ಅಡ್ಡ ಹಿಡಿದು ನಿಂತಿರುತ್ತಾರೆ. ನಾನು ಅಲ್ಲಿ ಹೋಗಿ ನಿಲ್ಲತೊಡಗಿದೆ. ಬುಕ್ಕಿನ ಅರ್ಧ ಭಾಗ ತುಂಬಿದ್ದು ಟ್ಯಾಂಕ್ ಹತ್ತಿರವೇ.

ಮಧ್ಯೆ ಒಂದು ಮಾತು. ಮುಖಂಡರು ಕಾಂಪೌಂಡು ಕೇಳೋದು ತಪ್ಪಲ್ಲ. ಆದರೆ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಅಂತ ಬರೋದು ವರ್ಷಕ್ಕೆ 2 ಕೋಟಿ. ಕ್ಷೇತ್ರದಲ್ಲಿ ಇನ್ನೂರು ಹಳ್ಳಿ ಇದ್ದರೆ ಹಳ್ಳಿಗೆ ಒಂದು ಲಕ್ಷ. ಅದೂ ಶಾಸಕರ ಜೇಬಿಗೆ ಬರಲ್ಲ, ಅವರು ಕಾಮಗಾರಿ ಸೂಚಿಸಬಹುದು, ಮಂಜೂರು ಮಾಡೋದು ಜಿಲ್ಲಾಧಿಕಾರಿ. ಇದನ್ನ ಕಟ್ಟೆ ಮೇಲೆ ಹೇಳಿದರೆ ಯಾರೂ ನಂಬಲ್ಲ.

ಹಾಗೇ ಬಗರ್‌ಹುಕುಂ, ಅಂದ್ರೆ ಸರ್ಕಾರಿ ಜಮೀನಿನಲ್ಲಿ ಉಳುಮೆ ಮಾಡ್ತಿರೋರಿಗೆ ಅದನ್ನ ಸಕ್ರಮ ಮಾಡಿಕೊಡೋದು. ಆ ಸಮಿತಿಗೆ ಶಾಸಕರೇ ಅಧ್ಯಕ್ಷರಾದ್ದರಿಂದ, ಮನಸ್ಸು ಮಾಡಿದರೆ ಆಗಿಬಿಡುತ್ತೆ ಅಂತ ಜನರ ಲೆಕ್ಕ. ಅದಕ್ಕೆ ಅಂತ ಇರೋ ಫಾರಂ 57 ಹಾಕಿದ ರೈತರ ಅರ್ಜಿಗಳು ರಾಶಿ ಇದ್ದವು. ಊರಿನ ನೂರು ದನಕ್ಕೆ 30 ಎಕರೆ ಗೋಮಾಳ, ಅಂದ್ರೆ ದನ ಮೇಯೋ ಜಾಗ, ಉಳಿಸಬೇಕು ಅಂತ ನಿಯಮ. ಅಷ್ಟು ಉಳಿಯದ ಊರಲ್ಲಿ ಗೋಮಾಳ ಮಂಜೂರು ಮಾಡೋಕೆ ಬರಲ್ಲ. ಇದು ಗೊತ್ತಿದ್ದೂ ‘ನೋಡೋಣ’ ಅಂತ ಎಷ್ಟು ಜನರನ್ನ ನಾನು ಎಷ್ಟು ಸಲ ತಿರುಗಾಡಿಸಿದ್ದೇನೋ. ಬಸ್ ಚಾರ್ಜು, ಒಂದು ದಿನದ ಕೂಲಿ, ಎಲ್ಲ ಅವರದ್ದೇ ಹೋಗಿದ್ದು. ‘ಆಗಲ್ಲ’ ಅಂತ ಮೊದಲ ದಿನವೇ ಹೇಳಿದಾಗ ಒಬ್ಬ ರೈತ ನನ್ನ ಮುಖಕ್ಕೇ ಉಗಿದ ಹಾಗೆ ಮಾತಾಡಿದ. ಆಮೇಲೂ ಹೇಳೋದನ್ನ ಬಿಡಲಿಲ್ಲ.

ಸರಿ, ಪಿಂಚಣಿಗೆ ಬರ್ತೀನಿ. ಮುಂದಿನ ಅಧಿವೇಶನಕ್ಕೆ ಪ್ರಶ್ನೆಯನ್ನ ಮತ್ತೆ ಬರೆದೆ. ಈ ಸಲ ‘ಗಮನಕ್ಕೆ ಬಂದಿದೆಯೇ’ ಇಲ್ಲ. ಹೋಬಳಿವಾರು ಪಿಂಚಣಿದಾರರ ಸಂಖ್ಯೆ ಎಷ್ಟು? ಕಳೆದ ಹನ್ನೆರಡು ತಿಂಗಳಲ್ಲಿ ಆಧಾರ್ ಜೋಡಣೆ ಸರಿಯಿಲ್ಲದೆ ಹಣ ವಾಪಸ್ಸಾದ ಪ್ರಕರಣಗಳೆಷ್ಟು? ಅರ್ಜಿಯಲ್ಲಿ ಕೊಟ್ಟ ಖಾತೆ ಬಿಟ್ಟು ಬೇರೆ ಖಾತೆಗೆ ಹಣ ಹೋಗುತ್ತಿರುವವರು ಎಷ್ಟು ಜನ? ಅವರಿಗೆ ಅದನ್ನ ಯಾವ ರೀತಿ ತಿಳಿಸಲಾಗಿದೆ? ಇದಕ್ಕೆ ‘ಇಲ್ಲ’ ಅಂತ ಉತ್ತರ ಬರೆಯೋಕೆ ಆಗಲ್ಲ. ‘ಉದ್ಭವಿಸುವುದಿಲ್ಲ’ ಅನ್ನೋಕೂ ಜಾಗ ಇಲ್ಲ. ಎಣಿಸಲೇಬೇಕು.

ಚುಕ್ಕೆ ಗುರುತಿನ ಪ್ರಶ್ನೆ ಆದರೆ ಸಚಿವರು ಸದನದಲ್ಲೇ ಎದ್ದು ಉತ್ತರ ಕೊಡಬೇಕು, ಶಾಸಕರು ಉಪಪ್ರಶ್ನೆ ಕೇಳಬಹುದು, ಟಿವಿಯಲ್ಲೂ ಬರುತ್ತೆ. ನಮ್ಮದು ಆ ಪಟ್ಟಿಗೆ ಬರಲಿಲ್ಲ. ಚುಕ್ಕೆ ಗುರುತಿಲ್ಲದ ಪ್ರಶ್ನೆಯಾಗಿ ಲಿಖಿತ ಉತ್ತರಕ್ಕೆ ಹೋಯ್ತು. ನನಗೆ ಬೇಜಾರಾಯಿತು. ಆಗ ನನಗೆ ಎಲ್‌ಎಕ್ಯೂ ಮಹಿಮೆ ಗೊತ್ತಿರಲಿಲ್ಲ.

ವಿಧಾನಸಭೆ ಪ್ರಶ್ನೆಗೆ ಸರ್ಕಾರಿ ಕಚೇರಿಗಳಲ್ಲಿ ಎಲ್‌ಎಕ್ಯೂ ಅಂತಾರೆ. ಪರಿಷತ್ತಿನದಾದರೆ ಎಲ್‌ಸಿಕ್ಯೂ. ಪ್ರಶ್ನೆ ವಿಧಾನಸೌಧದಿಂದ ಇಲಾಖೆಗೆ, ಇಲಾಖೆಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಇಳಿಯುತ್ತೆ. ಇಳಿಯುವಷ್ಟರಲ್ಲಿ ಗಡುವು ಮುಗಿಯೋಕೆ ಬಂದಿರುತ್ತೆ. ಅವತ್ತು ಸಂಜೆ ಏಳು ಗಂಟೆಗೆ ಯಾವುದೋ ಕೆಲಸಕ್ಕೆ ತಾಲ್ಲೂಕು ಕಚೇರಿ ಮುಂದೆ ಹೋದರೆ ಪಿಂಚಣಿ ಶಾಖೆಯ ಲೈಟು ಉರಿಯುತ್ತಿದೆ. ಒಳಗೆ ಕೇಸ್ ವರ್ಕರ್ ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ನನ್ನನ್ನ ನೋಡಿ, “ಎಲ್‌ಎಕ್ಯೂ ಬಂದಿದೆ ಸಾರ್, ಅರ್ಜೆಂಟು. ಯಾರೋ ಪುಣ್ಯಾತ್ಮ ಹೋಬಳಿವಾರು ಕೇಳಿದ್ದಾನೆ” ಅಂದರು. ಆ ಪುಣ್ಯಾತ್ಮ ನಾನೇ ಅಂತ ಹೇಳೋ ಧೈರ್ಯ ಆಗಲಿಲ್ಲ. ಹೊರಗೆ ಹೋಗಿ ಅವರಿಗೂ ಗ್ರಾಮ ಲೆಕ್ಕಿಗರಿಗೂ ಟೀ, ಬೋಂಡಾ ತರಿಸಿಕೊಟ್ಟೆ. ನನ್ನ ಎರಡು ಪತ್ರಗಳ ಪ್ರತಿಗಳು ಅದೇ ಕೋಣೆಯ ಯಾವುದೋ ಕಡತದಲ್ಲಿ ನಿದ್ದೆ ಹೊಡೆಯುತ್ತಿದ್ದವು. ಈ ಒಂದು ಹಾಳೆಗೆ ರಾತ್ರಿ ಹತ್ತರ ತನಕ ದೀಪ ಉರಿಯಿತು.

ಉತ್ತರ ಬಂತು. ‘ವಿವರವನ್ನು ಅನುಬಂಧದಲ್ಲಿ ಒದಗಿಸಿದೆ’. ಅನುಬಂಧದಲ್ಲಿ ಹೋಬಳಿವಾರು ಪಟ್ಟಿ. ಅಂಕಿ ಇಲ್ಲಿ ಬರೆಯಲ್ಲ, ಯಾವ ತಾಲ್ಲೂಕು ಅಂತ ಗೊತ್ತಾಗಿಬಿಡುತ್ತೆ. ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇತ್ತು ಅಂತ ಮಾತ್ರ ಹೇಳ್ತೀನಿ. ಆ ಹಾಳೆ ಹಿಡಿದು ಸಾಹೇಬ್ರು ತಾಲ್ಲೂಕು ಕೆಡಿಪಿ ಸಭೆಗೆ, ಅಂದ್ರೆ ಇಲಾಖೆಗಳ ಕೆಲಸದ ಪ್ರಗತಿ ನೋಡೋ ಸಭೆಗೆ, ಹೋದರು. ಮೂರು ತಿಂಗಳಿಗೊಮ್ಮೆ ನಡೆಯುವ ಆ ಸಭೆಯಲ್ಲಿ ಅಧಿಕಾರಿಗಳು ‘ಪ್ರಗತಿಯಲ್ಲಿದೆ’ ಅಂತ ಓದುತ್ತಾ ಹೋಗೋದು ವಾಡಿಕೆ. ಅವತ್ತು ಓದೋಕೆ ಬಿಡಲಿಲ್ಲ. ನಿಮ್ಮದೇ ಸರ್ಕಾರ ಕೊಟ್ಟ ಅಂಕಿ ಇದು, ಈ ಜನಕ್ಕೆ ಯಾವಾಗ ಹೇಳ್ತೀರಿ ಅಂತ ಕೂತರು. ಬ್ಯಾಂಕಿನವರನ್ನೂ ಕರೆಸಿ ಹೋಬಳಿಗೊಂದು ಪಿಂಚಣಿ ಅದಾಲತ್ ಅಂತ ದಿನ ಗೊತ್ತಾಯಿತು. ಎಲ್ಲರದ್ದೂ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತೆ. ಹೆಬ್ಬೆಟ್ಟಿನ ಗೆರೆ ಸವೆದು ಮಷೀನ್ ತೆಗೆದುಕೊಳ್ಳದ ಮುದುಕರನ್ನ ಎರಡೆರಡು ಸಲ ಕರೆಸಬೇಕಾಯಿತು. ಕೆಲವರದ್ದು ನಾನು ಕೆಲಸ ಬಿಡುವ ತನಕ ಆಗಿರಲಿಲ್ಲ.

ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕು ಅಂತ 2005ರಲ್ಲೇ ರಾಜ್ಯದಲ್ಲಿ ಕಾಯ್ದೆ ಬಂದಿದೆ. ಅಷ್ಟು ದಿನ ಸೇರೋದು ಅಪರೂಪ. ಸೇರಿದ ದಿನಗಳಲ್ಲೂ ಗಲಾಟೆಯಾಗಿ ಮುಂದೂಡಿದರೆ ಪ್ರಶ್ನೋತ್ತರ ಕಲಾಪವೇ ಕೊಚ್ಚಿಹೋಗುತ್ತೆ. ಟಿವಿ ನೋಡುವವರಿಗೆ ಅದು ತಮಾಷೆ. ನನಗೆ ಮಾತ್ರ ಯಾವ ತಾಲ್ಲೂಕಿನ ಯಾವ ಲಾಂಗ್ ಬುಕ್ಕಿನ ಪ್ರಶ್ನೆ ಹೋಯ್ತೋ ಅನಿಸುತ್ತೆ.

ಅಜ್ಜಿಯ ದುಡ್ಡು ಸಂಘದ ಖಾತೆಯಿಂದ ಕೈಗೆ ಬಂತು, ಸಾಲದ ಕಂತು ಮುರಿದುಕೊಂಡು ಉಳಿದಷ್ಟು. ಒಂದು ದಿನ ಅವರೆಕಾಯಿ ತಗೊಂಡು ಜಗಲಿಗೆ ಬಂದಿದ್ದಳು. ಮೇಜಿನ ಮೇಲೆ ಆ ಅನುಬಂಧದ ಹಾಳೆ ಇತ್ತು. ನಿನ್ನ ವಿಷಯ ವಿಧಾನಸೌಧಕ್ಕೆ ಹೋಗಿ ಬಂತು ನೋಡಜ್ಜಿ ಅಂತ ತೋರಿಸಿದೆ. ಹಾಳೆಯನ್ನ ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಇದ್ರಾಗೆ ನನ್ನ ಹೆಸ್ರು ಎಲ್ಲೈತೆ?”

ಹೆಸರು ಹಾಕಿಲ್ಲ ಅಜ್ಜಿ, ಲೆಕ್ಕ ಮಾತ್ರ. ಇಗೋ, ನಿಮ್ಮ ಹೋಬಳಿ. ಈ ಲೆಕ್ಕದಲ್ಲಿ ನೀನೂ ಒಬ್ಬಳು.

“ಅಷ್ಟು ದೂರ ಹೋಗಿ ಹೆಸ್ರು ಬರೆಸ್ಲಿಲ್ವಾ ನೀನು?” ಅಂತ ಅವರೆಕಾಯಿ ಚೀಲವನ್ನ ನನ್ನ ಕಡೆ ತಳ್ಳಿದಳು.